ಕೂದಲೆಳೆಯಷ್ಟು ಜಾಗ

ಆಪಾ ಅವರ ಬಲಗೈ ಹೆಬ್ಬೆರಳಿಗೆ ಯಾವಾಗಲೂ ಒಂದು ಬಿಳಿ ಪಟ್ಟಿ ಸುತ್ತಿರುತ್ತಿತ್ತು. ಗಾಜು ಒಡೆದ ಫೋನನ್ನು ಒತ್ತಿ ಒತ್ತಿ ಆದ ಗಾಯ ಅದು. ಮೇಜಿನ ಮೇಲೆ ಒಳ್ಳೆಯ ಕಂಪ್ಯೂಟರ್ ಇದ್ದರೂ ತಾವು ಬರೆದ ಆಟವನ್ನು ಅವರು ಮೊದಲು ಆಡಿ ನೋಡುತ್ತಿದ್ದುದು ಆ ಹಳೆಯ ಫೋನಿನ ಬ್ರೌಸರಿನಲ್ಲೇ. ಚೂರು ಚುಚ್ಚಿ ರಕ್ತ ಒಸರಿದರೆ ಓಢಣಿಯ ಅಂಚಿಗೆ ಒರೆಸಿಕೊಂಡು ಮತ್ತೆ ಆಡುತ್ತಿದ್ದರು. ಗಾಜು ಬದಲಿಸಿಕೊಡುತ್ತೇನೆ ಎಂದು ಕೆಳಗಿನ ಮೊಬೈಲ್ ರಿಪೇರಿ ಅಂಗಡಿಯವರು ಎಷ್ಟೋ ಸಲ ಹೇಳಿದ್ದರು. "ನಮ್ಮ ಮಕ್ಕಳ ಕೈಯಾಗ ಇಂಥಾ ಫೋನೇ ಇರ್ತಾವ. ಅವರಿಗೆ ಚುಚ್ಚೂದು ಮೊದಲ ನನಗ ಚುಚ್ಚಲಿ," ಎನ್ನುವುದು ಅವರ ಉತ್ತರ.

ಬೀದರಿನ ಹಳೇ ಊರಿನಲ್ಲಿ, ಆ ಅಂಗಡಿಯ ಮೇಲಿನ ಕೋಣೆಯಲ್ಲಿ ಆಪಾ ಬ್ರೌಸರಿನಲ್ಲಿ ಆಡುವ ಆಟಗಳನ್ನು ಬರೆಯುವುದು ಕಲಿಸುತ್ತಿದ್ದರು. ನಾನು ಬಿಸಿಎ ಮುಗಿಸಿ, ಕಮಠಾಣದಿಂದ ದಿನಾ ಬಸ್ಸಿನಲ್ಲಿ ಬಂದು ಕಲಿಯುತ್ತಿದ್ದೆ. ಹಿಂದೂ ಮುಸಲ್ಮಾನ ಎನ್ನದೆ ಕೋಣೆಯವರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆವು. ಹುಡುಗರಿರಲಿ, ನನ್ನಂಥ ಹುಡುಗಿಯರಿರಲಿ, ಅವರಿಗೆ ನಾವೆಲ್ಲ ಬೇಟಾ. ಸಿಟ್ಟು ಬಂದಾಗ ಮಾತ್ರ "ಏನ್ರಿ ಇಂಜಿನಿಯರ್ ಸಾಹೇಬರ" ಎಂದು ಬಹುವಚನಕ್ಕೆ ಏರಿಸುತ್ತಿದ್ದರು.

ಅವರು ಕಲಿಸುವ ರೀತಿಗೆ ಪುಸ್ತಕದ ವಾಸನೆ ಇರಲಿಲ್ಲ. ಆಟದ ತೆರೆ ಅಂದರೆ ಪಾಟಿ, ಬರೆ, ಒರಸು, ಮತ್ತೆ ಬರೆ. ಒರೆಸಿದ್ದು ನೋಡುವವನಿಗೆ ಗೊತ್ತಾಗಬಾರದು, ಅಷ್ಟೇ, ಎನ್ನುತ್ತಿದ್ದರು. ಒಮ್ಮೆ ನಾನು ಬರೆದ ಆಟದ ಗಾಡಿ ಹೊಸ ಕಂಪ್ಯೂಟರಿನಲ್ಲಿ ಹಾರುತ್ತಿತ್ತು, ಅವರ ಹಳೆಯ ಫೋನಿನಲ್ಲಿ ತೆವಳುತ್ತಿತ್ತು. ತೆರೆ ಎಷ್ಟು ಸಲ ಬರೆದು ಒರೆಸಿತು ಎನ್ನುವುದರ ಮೇಲೆ ನಾನು ಗಾಡಿ ಓಡಿಸಿದ್ದೆ, ಹಳೆಯ ಫೋನು ಬರೆದು ಒರೆಸುವುದೇ ನಿಧಾನ. ಎಷ್ಟು ಹೊತ್ತು ಕಳೆಯಿತು ಎನ್ನುವುದರ ಮೇಲೆ ಓಡಿಸಬೇಕಿತ್ತು. "ಬಡವರ ಫೋನಿನಾಗ ಹೊತ್ತು ನಿಂತಬಿಡ್ತದೇನ್ರಿ, ಇಂಜಿನಿಯರ್ ಸಾಹೇಬರ?" ಎಂದು ಕೇಳಿ ಎಲ್ಲರನ್ನೂ ನಗಿಸಿದರು. ನಾನು ಆ ತಪ್ಪನ್ನು ಮತ್ತೆ ಮಾಡಲಿಲ್ಲ.

ಆದರೆ ಅವರ ನಿಜವಾದ ಕೈಚಳಕ ಇದ್ದದ್ದು ಡಿಕ್ಕಿಯಲ್ಲಿ. ಆಟದಲ್ಲಿ ಪ್ರತಿ ಚಿತ್ರದ ಸುತ್ತ ಕಣ್ಣಿಗೆ ಕಾಣದ ಒಂದು ಚೌಕ ಇರುತ್ತದೆ. ಎರಡು ಚೌಕಗಳು ಒಂದಕ್ಕೊಂದು ತಾಗಿದರೆ ಮಾತ್ರ ಡಿಕ್ಕಿಯಾಯಿತೆಂದು ಕಂಪ್ಯೂಟರ್ ತಿಳಿಯುತ್ತದೆ. ಆಪಾ ಆ ಚೌಕವನ್ನು ಚಿತ್ರಕ್ಕಿಂತ ತುಸು ಚಿಕ್ಕದಾಗಿ ಇಡುತ್ತಿದ್ದರು. ಕಣ್ಣಿಗೆ ತಾಗಿದಂತೆ ಕಾಣುತ್ತದೆ, ಆದರೆ ತಾಗಿರುವುದಿಲ್ಲ. ಆಡುವವನು ಸತ್ತೆ ಎಂದುಕೊಂಡ ಕ್ಷಣದಲ್ಲಿ ಬದುಕಿರುತ್ತಾನೆ. "ಆಡೋರಿಗೆ ಕೂದಲೆಳಿಯಷ್ಟು ಜಾಗ ಬಿಡಬೇಕು ಬೇಟಾ. ನಾನೇ ಪಾರಾದೆ ಅಂತ ಅವರಿಗೆ ಅನ್ನಿಸಬೇಕು. ನೀ ಬಿಟ್ಟಿದ್ದು ಅಂತ ಗೊತ್ತಾಗಬಾರದು." ಈ ಕಸುಬು ಮಾಡುವವರೆಲ್ಲ ಇದನ್ನೇ ಮಾಡುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು. ಆದರೆ ಅವರಷ್ಟು ಚೆನ್ನಾಗಿ ಮಾಡಿದವರನ್ನು ನಾನು ನೋಡಿಲ್ಲ. ಆ ಕೈಚಳಕದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಭಾಲ್ಕಿಯ ಒಂದು ಸಂಸ್ಥೆಯವರು ಶಾಲೆಯ ಮಕ್ಕಳಿಗಾಗಿ ಆಟವೊಂದನ್ನು ಮಾಡಿಸಲು ಬಂದರು. ರೈಲ್ವೆ ಗೇಟು ಬಿದ್ದಿರುವಾಗ ದಾಟಬಾರದು ಎಂದು ಮಕ್ಕಳಿಗೆ ಕಲಿಸಬೇಕಿತ್ತು. ನಮ್ಮ ಕಡೆ ಗೇಟು ಬಿತ್ತೆಂದರೆ ಯಾರೂ ನಿಲ್ಲುವುದಿಲ್ಲ. ನಡೆಯುವವರು ಬಗ್ಗುತ್ತಾರೆ, ಸೈಕಲ್ಲಿನವರು ಎತ್ತಿಕೊಂಡು ಹೋಗುತ್ತಾರೆ, ಬೈಕಿನವರು ಗಾಡಿಯನ್ನು ಓರೆ ಮಾಡಿ ಗೇಟಿನ ಅಡ್ಡ ಕಂಬದ ಕೆಳಗೆ ನುಸುಳಿಸುತ್ತಾರೆ. ನಿಂತವನೇ ಪೆದ್ದ. ಆಪಾ ಬರೆದ ಆಟದಲ್ಲಿ ಚೀಲ ಹೊತ್ತ ಹುಡುಗಿಯೊಬ್ಬಳು ಹಳಿ ದಾಟಿ ಶಾಲೆಗೆ ಹೋಗಬೇಕು. ಗೇಟು ಬೀಳುತ್ತದೆ. ಕಾದರೆ ಹೋಗಬಹುದು. ನುಸುಳಿದರೂ ಹೋಗಬಹುದು, ರೈಲು ತಾಗದಿದ್ದರೆ. ರೈಲಿಗೂ ಹುಡುಗಿಗೂ ಚಿಕ್ಕ ಚೌಕ. ತೀರಾ ಹತ್ತಿರದಿಂದ ಪಾರಾದರೆ ಟಣ್ ಎಂದು ಗಂಟೆ ಬಾರಿಸುತ್ತಿತ್ತು, ಹೆಚ್ಚಿನ ಅಂಕ ಬರುತ್ತಿತ್ತು. ಆಟಕ್ಕೆ ಜೀವ ಬೇಡವೇ ಎಂದು ಆಪಾ ಆ ಗಂಟೆಯನ್ನು ಇಟ್ಟಿದ್ದರು. ನಮಗೆ ಯಾರಿಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಕೋಣೆಯಲ್ಲಿ ಇಡೀ ದಿನ ಆ ಗಂಟೆಯ ಸದ್ದೇ.

ಆಟವನ್ನು ಒಪ್ಪಿಸಲು ಆಪಾ ಅವರ ಸ್ಕೂಟರಿನಲ್ಲಿ ನಾವಿಬ್ಬರೂ ಭಾಲ್ಕಿಗೆ ಹೋದೆವು. ಸಂಸ್ಥೆಯ ಕಾರ್ಯದರ್ಶಿಗಳು ತಾವೇ ಆಡಿ ನೋಡಿದರು. ಫೋನು ಕೆಳಗಿಡಲು ಮನಸ್ಸೇ ಆಗುತ್ತಿಲ್ಲ ಎಂದು ನಕ್ಕರು, ಅಲ್ಲಿದ್ದವರನ್ನೆಲ್ಲ ಕರೆದು ಆಡಿಸಿದರು. ಆಪಾ ಆಟವನ್ನು ಅವರ ಕಂಪ್ಯೂಟರಿಗೆ ಹಾಕಿಕೊಟ್ಟರು. ಹಿಂದಿರುಗುವಾಗ ಅವರಿಗೆ ಬಹಳ ಖುಷಿಯಾಗಿತ್ತು. ಊರ ಹೊರಗಿನ ಗೇಟು ಬಿದ್ದಿತ್ತು.

ಮನೆಯಲ್ಲಿ ಕಾಯಿಲೆಯಿದ್ದ ತಾಯಿಗೆ, ಅಮ್ಮಿಗೆ, ಔಷಧ ಕೊಡುವ ಹೊತ್ತಾಯಿತು ಎಂದು ಆಪಾ ಗಾಡಿ ನಿಲ್ಲಿಸಲಿಲ್ಲ. ರೈಲು ತಿರುವಿನಲ್ಲಿ ಕಾಣುತ್ತಿತ್ತು. ನಾನು ಬೇಡವೆಂದೆ.

"ಇನ್ನಾ ದೂರ ಅದ. ತಲಿ ಬಗ್ಗಸು," ಎಂದರು.

ತಲೆ ಬಗ್ಗಿಸಿದೆ. ಕಂಬ ನನ್ನ ಬೆನ್ನು ಸವರಿತು. ಗಾಡಿ ಮೊದಲ ಹಳಿ ದಾಟಿತು. ಮುಂದಿನ ಚಕ್ರ ಎರಡನೆಯ ಹಳಿಯ ಪಕ್ಕದ ಸಂದಿನಲ್ಲಿ ಇಳಿದು ನಿಂತಿತು. ನಾನು ಹಾರಿ ಇಳಿದೆ. ಆಪಾ ಇಳಿದರು, ಆದರೆ ಹ್ಯಾಂಡಲ್ ಬಿಡಲಿಲ್ಲ. ಎಳೆದರು. ಗೇಟಿನವರು ಸೀಟಿ ಊದುತ್ತ ಓಡಿ ಬರುತ್ತಿದ್ದರು. ನಾನು ಆಪಾ ಎಂದು ಕೂಗಿದೆನೋ ಇಲ್ಲವೋ ನೆನಪಿಲ್ಲ. ಬಾಯಿ ತೆರೆದಿದ್ದು ನೆನಪಿದೆ. ಅವರು ರೈಲನ್ನು ನೋಡಿದರು, ಚಕ್ರವನ್ನು ನೋಡಿದರು, ಮತ್ತೆ ರೈಲನ್ನು ನೋಡಿದರು. ಆ ನೋಟ ನನಗೆ ಗೊತ್ತಿತ್ತು. ಕೋಣೆಯಲ್ಲಿ ಫೋನು ಹಿಡಿದು ಕೂತಾಗಿನ ನೋಟ ಅದು. ಇನ್ನೂ ಜಾಗ ಇದೆ, ಇನ್ನೊಂದು ಸಲ ಎಳೆಯಬಹುದು ಎಂದು ಅಳೆಯುವ ನೋಟ. ಎಳೆದರು ಕೂಡ. ನಾನು ಅವರ ಓಢಣಿಯನ್ನೂ ತೋಳನ್ನೂ ಸೇರಿಸಿ ಹಿಡಿದು ಹಿಂದಕ್ಕೆ ಬಿದ್ದೆ. ಅವರು ನನ್ನ ಮೇಲೆ ಬಿದ್ದರು. ಆಮೇಲೆ ಕಬ್ಬಿಣದ ಸದ್ದು, ಬಿಸಿ ಗಾಳಿ, ಮೈಮೇಲೆ ಉದುರಿದ ಜಲ್ಲಿ.

ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಅನ್ನ ಕಲಸುವಾಗ ನೋಡುತ್ತೇನೆ, ಪಾಠ ಮಾಡುವಾಗ ಬೋರ್ಡಿನ ಮೇಲೆ ನೋಡುತ್ತೇನೆ. ಕೆಲವು ಸಲ ಓಢಣಿ ಕೈಯಿಂದ ಜಾರುತ್ತದೆ.

ಸ್ಕೂಟರ್ ಹಳಿಗುಂಟ ಚೂರಾಗಿ ಬಿದ್ದಿತ್ತು. ಜನ ಸೇರಿದರು, ರೈಲ್ವೆಯವರು ಬಂದು ಬೈದರು, ಕೇಸು ಹಾಕಿದರು. ಅದಕ್ಕೆ ಮೊದಲು, ಇನ್ನೂ ಜಲ್ಲಿಯ ಮೇಲೆ ಕೂತಿದ್ದಾಗ, ಆಪಾ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಮಾತಾಡಿದರು.

"ನನಗ ಹೆದರಿಕಿ ಆಗಲಿಲ್ಲ ಬೇಟಾ. ರೈಲು ಹೋದ ಕೂಡಲೇ ಖುಷಿ ಆಯ್ತು. ಗಂಟಿ ಬಾರಸ್ದಂಗ ಆಯ್ತು ನನಗ."

ಹಾಗೆಂದು ವಾಂತಿ ಮಾಡಿಕೊಂಡರು.

ಮರುದಿನದಿಂದ ಅವರು ಆ ಆಟವನ್ನು ಬಿಚ್ಚಿ ಕೂತರು. ಗಂಟೆ ತೆಗೆದರು. ಚೌಕವನ್ನು ಚಿತ್ರಕ್ಕಿಂತ ದೊಡ್ಡದು ಮಾಡಿದರು. ರೈಲು ಹತ್ತಿರ ಬಂದರೆ ಸಾಕು, ಹುಡುಗಿ ಸತ್ತಳು. ನುಸುಳಿ ಗೆಲ್ಲುವ ದಾರಿಯೇ ಉಳಿಯಲಿಲ್ಲ. ಕಾಯುವುದರಲ್ಲಿ ಆಟ ಹುಡುಕಿದರು. ಗೇಟಿನ ಈಚೆ ಶೇಂಗಾ ಮಾರುವ ಮುದುಕಿ, ಒಗಟು ಕೇಳುವ ಅಜ್ಜ, ಚೀಲ ಎಳೆಯುವ ಆಡು, ಎಲ್ಲವನ್ನೂ ಬರೆದರು. ಅಷ್ಟು ಚೆಂದದ ಆಡನ್ನು ಅವರು ಹಿಂದೆ ಬರೆದಿರಲಿಲ್ಲ. ನಾವಿಬ್ಬರೂ ಅದನ್ನು ಖಟಕ ಚಿಂಚೋಳಿಯ ಒಂದು ಶಾಲೆಗೆ ಒಯ್ದು ಮಕ್ಕಳ ಕೈಗೆ ಕೊಟ್ಟೆವು. ಮಕ್ಕಳು ಆಡಿನ ಜೊತೆ ಸ್ವಲ್ಪ ಹೊತ್ತು ಆಡಿದರು. ಆಮೇಲೆ ಆಟದ ಹುಡುಗಿಯನ್ನು ಹಳಿಯ ಮೇಲೆ ಓಡಿಸಿ ನೋಡಿದರು, ಸತ್ತರು, ಮತ್ತೆ ಓಡಿಸಿದರು, ಮತ್ತೆ ಸತ್ತರು. ಫೋನು ಹಿಂದಿರುಗಿಸಿದರು. "ತಾಗೇ ಇಲ್ರಿ ಟೀಚರ್, ಸುಳ್ಳೇ ಸಾಯಸ್ತದ," ಎಂದಳು ಒಬ್ಬ ಹುಡುಗಿ. ಆಪಾ ಅವಳ ತಲೆ ನೇವರಿಸಿದರು. ಸುಮ್ಮನೆ ಸೋಲಿಸುವ ಆಟವನ್ನು ಯಾರೂ ಆಡುವುದಿಲ್ಲ ಎಂದು ನಮಗೆ ಕಲಿಸಿದವರು ಅವರೇ.

ಕಾರ್ಯದರ್ಶಿಗಳು ಹೊಸ ಆಟವನ್ನು ನೋಡಿ ಬೇಡವೆಂದರು. ಕೆಟ್ಟ ಮನುಷ್ಯರಲ್ಲ ಅವರು. ಚಹಾ ತರಿಸಿದರು, ಅಪಘಾತದ ಸುದ್ದಿ ಕೇಳಿ ನಿಜವಾಗಿಯೂ ನೊಂದುಕೊಂಡರು. ಆದರೆ ಮೊದಲಿನ ಆಟವನ್ನು ಆಗಲೇ ಶಾಲೆಗಳಿಗೆ ಕಳಿಸಿಯಾಗಿತ್ತು, ಮಕ್ಕಳು ಮುಗಿಬಿದ್ದು ಆಡುತ್ತಿದ್ದರು.

"ಮಕ್ಕಳು ಆಡಲೇ ಇಲ್ಲ ಅಂದ್ರ ಪಾಠ ಹ್ಯಾಂಗ ಹತ್ತತದ್ರಿ ಮೇಡಂ?" ಎಂದರು.

"ಅದು ಹತ್ತಸೂ ಪಾಠ ಬ್ಯಾರೇ ಅದರಿ," ಎಂದರು ಆಪಾ. "ಅದನ್ನ ಬಂದ್ ಮಾಡ್ರಿ. ಕೈ ಮುಗೀತೇನಿ."

"ನೀವೇ ಮಾಡಿದ್ದಲ್ಲೇನ್ರಿ ಅದು?"

ಆಪಾ ಚಹಾ ಕುಡಿಯದೆ ಎದ್ದರು. ಆಮೇಲೆಯೂ ಹೋದರು. ಒಮ್ಮೆ ಔರಾದಿನಲ್ಲಿ ಸಂಸ್ಥೆಯ ಕಾರ್ಯಕ್ರಮವಿದೆ ಎಂದು ತಿಳಿದು ಅಲ್ಲಿಗೂ ಬಸ್ಸಿನಲ್ಲಿ ಹೋಗಿ, ಜನರೆದುರು ಕೇಳಿಕೊಂಡರು. ಅಪಘಾತವಾದ ಮೇಲೆ ತಲೆ ಸರಿಯಿಲ್ಲ ಎಂದು ಯಾರೋ ಹಿಂದಿನ ಸಾಲಿನಲ್ಲಿ ಅಂದದ್ದು ಅವರಿಗೂ ಕೇಳಿಸಿತು. ಆಟ ಬಂದ್ ಆಗಲಿಲ್ಲ. ಬರೆದವರಿಗೇ ಅದನ್ನು ನಿಲ್ಲಿಸುವ ಅಧಿಕಾರ ಇರಲಿಲ್ಲ. ಒಪ್ಪಿಸಿದ ದಿನವೇ ಅದು ಸಂಸ್ಥೆಯದಾಗಿತ್ತು. ಕೋಣೆಗೆ ಬರುವವರು ಕಡಿಮೆಯಾದರು. ಆಪಾ ಈಗ ಯಾರಿಗೂ ಚೌಕ ಚಿಕ್ಕದು ಮಾಡಲು ಬಿಡುತ್ತಿರಲಿಲ್ಲ. ಹಾಗಾಗಿ ನಮ್ಮ ಆಟಗಳೆಲ್ಲ ಒಣಗಿಹೋದವು.

ಮುಂದಿನ ರಂಜಾನ್ ಮುಗಿದ ಮೇಲೆ ಒಂದು ಬೆಳಿಗ್ಗೆ, ಮನೆಯ ಮಾಳಿಗೆಯ ಮೇಲೆ ಬಟ್ಟೆ ಒಣಗಿಸುತ್ತಿದ್ದ ಆಪಾ ಕುಸಿದರು, ಮತ್ತೆ ಏಳಲಿಲ್ಲ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು ಎಂದರು. ರೈಲಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಒಪ್ಪಿಕೊಂಡೆ. ಬೇರೇನು ಮಾಡಲಿ.

ಅವರನ್ನು ಮಣ್ಣು ಮಾಡಿದ ದಿನ ನಾನು ಮನೆಯೊಳಗೆ, ಪರದೆಯ ಈಚೆ ಹೆಂಗಸರ ನಡುವೆ ಕೂತಿದ್ದೆ. ಕಾರ್ಯದರ್ಶಿಗಳು ಬಂದರು. ಹೊರಗೆ ಅಂಗಳದಲ್ಲಿ ಆಪಾ ಅವರ ಅಣ್ಣನ ಕೈ ಹಿಡಿದು, ನಿಮ್ಮ ತಂಗಿಯ ಆಟ ಎಷ್ಟೋ ಮಕ್ಕಳ ಜೀವ ಉಳಿಸಿದೆ ಎಂದು ಹೇಳುವುದು ಕೇಳಿಸಿತು. ಅಣ್ಣ ಅಳುತ್ತ, ಅಲ್ಲಾ ಅವಳಿಗೆ ಅಷ್ಟಾದರೂ ಪುಣ್ಯ ಕೊಟ್ಟನಲ್ಲ ಎಂದರು. ಆ ಮನೆಗೆ ಅಷ್ಟು ಹೊತ್ತಿನಲ್ಲಿ ಸಿಕ್ಕ ಸಮಾಧಾನ ಅದೊಂದೇ. ಅದನ್ನು ಕಿತ್ತುಕೊಳ್ಳಲು ನಾನು ಯಾರು? ಅಮ್ಮಿಯ ಕಾಲು ಒತ್ತುತ್ತ ಕೂತೆ.

ಈಗ ನಾನು ಭಾಲ್ಕಿಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಗೇಟು ಬಿದ್ದು ಬಸ್ಸು ನಿಂತರೆ ಒಳಗೆ ಕೂರಲು ಆಗುವುದಿಲ್ಲ. ಇಳಿದು, ಜನ ನುಸುಳುವ ಕಡೆಗೆ ಹೋಗಿ ಅಡ್ಡ ನಿಲ್ಲುತ್ತೇನೆ. ಗಂಡಸರು ಬೈದು ಸುತ್ತಿ ಹೋಗುತ್ತಾರೆ. ಮೊನ್ನೆ ಕಾಲೇಜಿನ ಹುಡುಗಿಯೊಬ್ಬಳು, ಹಿಂದೆ ಗೆಳತಿಯನ್ನು ಕೂರಿಸಿಕೊಂಡು, ಸ್ಕೂಟರ್ ಓರೆ ಮಾಡಿ ಕಂಬದ ಕೆಳಗೆ ತೂರಿಸುತ್ತಿದ್ದಳು. ನಾನು ಗಾಡಿಯ ಹಿಂದಿನ ಕಬ್ಬಿಣದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದೆ.

"ಏನ್ರಿ ಅಕ್ಕೋರ, ಬಿಡ್ರಿ. ಪರೀಕ್ಷಾ ಅದ."

"ನಿಲ್ಲವಾ."

"ನಿಮಗೇನ್ ಆಗಬೇಕ್ರಿ?"

ಅವಳು ಆಕ್ಸಿಲರೇಟರ್ ತಿರುಗಿಸಿದಳು, ಚಕ್ರ ಜಲ್ಲಿಯಲ್ಲಿ ಉಜ್ಜಿತು, ಗೆಳತಿ ಇಳಿದು ನನ್ನ ಭುಜ ಹಿಡಿದು ಎಳೆದಳು. ಬಸ್ಸಿನವರು ಕಿಟಕಿಯಿಂದ ನೋಡುತ್ತಿದ್ದರು. ನಾನು ಬಿಡಲಿಲ್ಲ. ರೈಲು ಬಂತು. ಬಹಳ ಹೊತ್ತಿನ ಮೇಲೆ ಬಂತು, ನಿಧಾನವಾಗಿ ಹೋಯಿತು.

"ನೋಡ್ರಿ," ಎಂದಳು ಹುಡುಗಿ. "ಆರಾಮ ದಾಟ್ತಿದ್ವಿ."

ಅವಳು ಹೇಳಿದ್ದು ನಿಜ. ಆವತ್ತು ಅವರು ಆರಾಮವಾಗಿ ದಾಟುತ್ತಿದ್ದರು. ಗೇಟು ಎದ್ದಿತ್ತು, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು, ನನ್ನ ಕೈ ಮಾತ್ರ ಬಿಡುತ್ತಿರಲಿಲ್ಲ. ಹುಡುಗಿ ಗಾಡಿಯಿಂದ ಇಳಿದು ಬಂದು, ನನ್ನ ಮುಖ ನೋಡಿ ಬೈಗುಳ ನುಂಗಿಕೊಂಡು, ಒಂದೊಂದೇ ಬೆರಳು ಬಿಡಿಸಿದಳು.