ಹಣೆಗನ್ನಡಕ ಕಟ್ಟಿದ ಸಮುದ್ರ

ಎದುರಿಗೆ ಸಿಕ್ಕರೆ ‘ಸರ್’, ಬೆನ್ನು ತಿರುಗಿಸಿದರೆ ‘ಹಣೆಗನ್ನಡಕ’. ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಟಿಕೆಟ್ ಹರಿಯುವವರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಹಾಗೆಯೇ. ಲೋಕದ ಜನ ಕನ್ನಡಕವನ್ನು ಕಣ್ಣಿಗೆ ಹಾಕಿಕೊಂಡರೆ ಈ ಮಹಾರಾಯ ಹಣೆಯ ಮೇಲೆ ಏರಿಸಿಕೊಂಡು ತಿರುಗುತ್ತಿದ್ದ. ಅದರಲ್ಲಿ ಇದ್ದದ್ದು ಬರೀ ಗಾಜು. ಕಣ್ಣು ಚೆನ್ನಾಗಿಯೇ ಇದ್ದವು, ಅವನ್ನು ಬಳಸುವ ಅಭ್ಯಾಸ ಇರಲಿಲ್ಲ, ಅಷ್ಟೇ.

ಹುದ್ದೆಯ ಹೆಸರು ಕ್ರಿಯೇಟಿವ್ ಹೆಡ್. ಹಾಗೆಂದರೇನು ಎಂದು ಅವನ ತಾಯಿ ಒಮ್ಮೆ ಕೇಳಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಜೀವಮಾನವೆಲ್ಲ ಹಾಸಿಗೆ ಬಟ್ಟೆ ಒಗೆದು ನಿವೃತ್ತಳಾದ ಹೆಂಗಸು. ಮಡಚಿಟ್ಟ ಬಟ್ಟೆಯೊಳಗಿನ ಕಲೆಯೂ ಆಕೆಯ ಕಣ್ಣು ತಪ್ಪಿಸುತ್ತಿರಲಿಲ್ಲ.

“ಜನಕ್ಕೆ ಕನಸು ಕಟ್ಟಿಕೊಡೋ ಕೆಲಸ ಅಮ್ಮ.”

“ಕಟ್ಟೋನು ಬಡಗಿ, ಬಣ್ಣ ಬಳಿಯೋನು ಪೇಂಟರು. ಮಧ್ಯದಲ್ಲಿ ನಿಂದೇನು?”

“ನಾನು ವಿಷನ್ ಕೊಡ್ತೀನಿ.”

“ಓಹೋ! ಹಣೆ ಮೇಲಿಂದಾನಾ?” ಎಂದು ಮುದುಕಿ ಟವೆಲ್ ಕೊಡವಿ ಮಡಚಿಟ್ಟಳು.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಗಾದೆ. ಈ ತಾಯಿಗೆ ಮಾತ್ರ ಹೆಗ್ಗಣ ಹೆಗ್ಗಣವಾಗಿಯೇ ಕಾಣುತ್ತಿತ್ತು. ಪಾರ್ಕಿನಲ್ಲಿ ಹತ್ತು ಜನ ಚಪ್ಪಾಳೆ ತಟ್ಟಿದ ದಿನವೂ ಅವನು ಮನೆಗೆ ಬಂದು ಅದನ್ನೆಲ್ಲ ವರದಿ ಒಪ್ಪಿಸಿ, ಬಾಯಿ ತೆರೆದುಕೊಂಡು ಕಾಯುತ್ತಿದ್ದ. ಒಂದು ‘ಭೇಷ್’ ಬರಬೇಕಲ್ಲ! ಬರುತ್ತಿದ್ದದ್ದು ಊಟಕ್ಕೆ ಕರೆ. ಇಬ್ಬರೇ ಇದ್ದ ಆ ಮನೆಯಲ್ಲಿ ಅವನಿಗೆ ಅದಕ್ಕಿಂತ ದೊಡ್ಡ ಕೊರಗು ಬೇರೆ ಇರಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಹುಡುಗಿಯಲ್ಲಿ ‘ಡೆಪ್ತ್’ ಇಲ್ಲ ಎಂದು ಬಿಟ್ಟಿದ್ದ. ಹುಡುಗಿಯರು ಇವನ ಬಗ್ಗೆ ಏನಂದರೋ ಅದನ್ನು ಯಾರೂ ಅವನಿಗೆ ಹೇಳಲಿಲ್ಲ, ಪುಣ್ಯಕ್ಕೆ.

ಮನೆಯಲ್ಲಿ ದಿನಾ ನಡೆಯುತ್ತಿದ್ದ ಜಗಳ ಒಂದೇ. ಓಣಿಯಂಥ ಪಡಸಾಲೆಯ ಕೊನೆಯಲ್ಲಿ ಬಚ್ಚಲುಮನೆ. ಅದರ ದೀಪವನ್ನು ಇವನು ಸಂಜೆಯಾಗುತ್ತಲೇ ಹಾಕಿಡುತ್ತಿದ್ದ, ಆಕೆ ಹೋಗಿ ಆರಿಸುತ್ತಿದ್ದಳು. ಚಿಕ್ಕಂದಿನಲ್ಲಿ ಅವನು ಅಲ್ಲಿಗೆ ಹೋದರೆ ತಾಯಿ ಬಾಗಿಲ ಹೊರಗೆ ನಿಂತು ಕೆಮ್ಮುತ್ತಲೇ ಇರಬೇಕಿತ್ತು. ಕೆಮ್ಮು ನಿಂತರೆ ಒಳಗಿಂದ “ಅಮ್ಮಾ, ಇದ್ದೀಯಾ?” ಎಂಬ ಕೂಗು. ಮೀಸೆ ಬಂತು, ಮೀಸೆ ನರೆಯಿತು, ಕತ್ತಲೆಯ ಭಯ ಮಾತ್ರ ಹೋಗಲಿಲ್ಲ. ಇದು ಗೊತ್ತಿದ್ದದ್ದು ಆಕೆಗೊಬ್ಬಳಿಗೇ.

ಪಾರ್ಕಿಗೆ ಬಂದಾಗ ಅವನದು ಕರಡಿಯ ಕೆಲಸ. ಬೊಚ್ಚುಬಾಯಿ ತೆರೆದ ಕರಡಿವೇಷದೊಳಗೆ ನಿಂತು ಗೇಟಿನಲ್ಲಿ ಮಕ್ಕಳ ಕೈ ಕುಲುಕುವುದು. ನಿಜ ಹೇಳಬೇಕೆಂದರೆ ಅವನು ಚೆನ್ನಾಗಿ ಮಾಡಿದ ಕೆಲಸ ಅದೊಂದೇ. ಒಂದು ದಿನ ಕ್ಯಾಂಟೀನಿನಲ್ಲಿ ಟಿಕೆಟ್ ಕೌಂಟರಿನ ಹೆಂಗಸರು, ಕುದುರೆ ಚಕ್ರದ ಕುದುರೆಗಳ ಹಲ್ಲು ನೋಡಿ ಮಕ್ಕಳು ಅಳುತ್ತವೆ, ಆ ಕುದುರೆಗಳ ಬಾಯಿ ಮುಚ್ಚಿಸಬಾರದೇ ಎಂದು ಆಡಿಕೊಳ್ಳುವುದನ್ನು ಕೇಳಿಸಿಕೊಂಡ. ಮರುದಿನವೇ ಯಜಮಾನರ ಎದುರು ಕರಡಿಯ ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು, “ಸರ್, ಮಗುವಿನ ಮನಸ್ಸಿನೊಳಗೆ ಇಳಿದು ಯೋಚಿಸಿದೆ” ಎಂದ. ಯಜಮಾನರಿಗೆ ಇಳಿಯುವವರನ್ನು ಕಂಡರೆ ಇಷ್ಟ. ಅಲ್ಲಿಂದ ಅವನು ಏರಿದ್ದೇ ಏರಿದ್ದು. ಎಲ್ಲರನ್ನೂ ಸುತ್ತ ಕೂರಿಸಿಕೊಂಡು “ಫೀಲ್ ಮಾಡಿ, ಮನಸ್ಸು ಬಿಚ್ಚಿ ಹೇಳಿ” ಅನ್ನುವುದು, ಅವರು ಹೇಳಿದ್ದನ್ನು ಮರುದಿನ ಬಿಸಿ ಮಾಡಿ ತನ್ನದೆಂದು ಬಡಿಸುವುದು. ಕೈಗೆ ಮಸಿ ಇಲ್ಲ, ಬಟ್ಟೆಗೆ ಬಣ್ಣ ಇಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ; ಇವನು ಹಣೆಗೆ ಕನ್ನಡಕ ಹಿಡಿದ.

ಹೀಗಿರುವಾಗ ಭೂತದ ಮನೆಗೆ ಜನ ಬರುವುದು ನಿಂತಿತು. ಕತ್ತಲೆ ಶೆಡ್ಡು, ಒಳಗೆ ಕಂಬಿಯ ಮೇಲೆ ಹರಿಯುವ ಪುಟ್ಟ ಗಾಡಿಗಳು, ಮೂಲೆಮೂಲೆಗೆ ಅಸ್ಥಿಪಂಜರ, ಕಿರುಚಾಟ. ಒಂದು ಕಾಲಕ್ಕೆ ಕಾಲೇಜಿನ ಜೋಡಿಗಳು ಹೆದರಿಕೊಳ್ಳಲೆಂದೇ ಸಾಲು ನಿಲ್ಲುತ್ತಿದ್ದವು. ಈಗ ಭೂತಗಳಿಗೇ ಬೇಸರ ಬಂದಿತ್ತು. ಯಜಮಾನರು ಹಣೆಗನ್ನಡಕವನ್ನು ಕರೆಸಿದರು.

“ನೋಡ್ರೀ, ಇದಕ್ಕೆ ಹೊಸ ವೇಷ ಹಾಕಿ. ಮತ್ತೆ ಸಾಲು ನಿಂತ್ರೆ, ಹೊಸದಾಗಿ ಶುರು ಮಾಡೋ ಪಾರ್ಕಿಗೆ ನೀವೇ ಮುಖ್ಯಸ್ಥರು. ನಿಲ್ಲದಿದ್ರೆ ನಿಮ್ಮ ವಿಷನ್‌ಗೆ ನಾನು ಇನ್ನು ಸಂಬಳ ಕೊಡೋಕಾಗಲ್ಲ.”

ಅವನು ಆಗಲೇ ಕಣ್ಣು ಮುಚ್ಚಿ, ಹೆಬ್ಬೆರಳನ್ನು ಹುಬ್ಬಿನ ನಡುವೆ ಒತ್ತಿ, “ಸಮುದ್ರದಾಳ” ಎಂದ. ಹಿಂದಿನ ದಿನ ದಂತವೈದ್ಯರ ಕೋಣೆಯಲ್ಲಿ ಮೀನಿನ ತೊಟ್ಟಿ ನೋಡಿ ಬಂದಿದ್ದ.

ಮೂರು ದೊಡ್ಡ ಬೊಂಬೆ ಎಂದು ತೀರ್ಮಾನವಾಯಿತು. ಒಳಗೆ ಹೋಗುತ್ತಲೇ ತಿಮಿಂಗಿಲ, ನಡುವೆ ಮತ್ಸ್ಯಕನ್ಯೆ, ಹೊರಗೆ ಬರುವ ಮುನ್ನ ನಿಧಿಪೆಟ್ಟಿಗೆ. ಉಳಿದ ಜಾಗಕ್ಕೆಲ್ಲ ಚಿಲ್ಲರೆ ಮೀನು. ಕೆಲಸ ನಡೆಯುವಾಗ ಅವನು ದಿನಾ ಪರಿಶೀಲನೆಗೆ ಬರುತ್ತಿದ್ದ. ಆದರೆ ಬರುವ ರೀತಿ ಕೇಳಿ. ಮೊದಲು ಒಳಗಿನ ಬಿಳಿ ದೀಪಗಳನ್ನೆಲ್ಲ ಹಾಕಿಸಬೇಕು. ಆಮೇಲೆ ಮುಂಬಾಗಿಲಿನಿಂದಲ್ಲ, ವರ್ಕ್‌ಶಾಪ್ ಪಕ್ಕದ ಹಿಂಬಾಗಿಲಿನಿಂದ, ಅಂದರೆ ಗಾಡಿಗಳು ಹೊರಗೆ ಬರುವ ಕಡೆಯಿಂದ, ನಡೆದುಕೊಂಡೇ ಒಳಗೆ. ಕೈ ಹಿಂದೆ ಕಟ್ಟಿ, ಎದೆಯುಬ್ಬಿಸಿ, ಕತ್ತು ನೆಟ್ಟಗೆ. “ಈ ಮೀನಿಗೆ ಆತ್ಮ ಇಲ್ಲ” ಎನ್ನುತ್ತಿದ್ದ. ಬಡಗಿ ಮೀನನ್ನು ಕಿತ್ತು ಅದೇ ಮೊಳೆಗೆ ಮತ್ತೆ ಬಡಿಯುತ್ತಿದ್ದ. “ಹಾಂ, ಈಗ ಬಂತು ನೋಡಿ!”

ಬಡಗಿ ಒಂದೇ ಒಂದು ಸಲ ಬಾಯಿ ಬಿಟ್ಟ. “ಸರ್, ಒಂದು ಸುತ್ತು ಗಾಡೀಲಿ ಕೂತು ನೋಡ್ಬಿಡಿ.”

ಹಣೆಗನ್ನಡಕದ ಮುಖ ಕೆಂಪಗಾಯಿತು. “ನಾನು ಮನಸ್ಸಿನಲ್ಲೇ ನೂರು ಸಲ ಕೂತಿದೀನಿ. ನೀನು ಮೊಳೆ ಹೊಡಿ.”

ಸರಿ, ಹೊಡೆದ. ಬಡಗಿಯೇನು ಸಾಚಾ ಅಂದುಕೊಳ್ಳಬೇಡಿ, ಪೇಂಟರೂ ಅಷ್ಟೇ. ಸಾಹೇಬರ ದೃಷ್ಟಿ ಎಲ್ಲಿ ಬೀಳುತ್ತದೋ ಅಲ್ಲಿಗಷ್ಟೇ ಬಣ್ಣ ಬಳಿದು, ಸೊಂಟದಿಂದ ಕೆಳಗಿನದೆಲ್ಲ ಬಿಟ್ಟು, ಉಳಿದ ಹೊತ್ತು ಹಲಗೆಗಳ ಹಿಂದೆ ಕೂತು ಕೇರಂ ಆಡಿದರು. ಹಳೆಯ ಅಸ್ಥಿಪಂಜರಗಳನ್ನು ಕಿತ್ತು ಹಾಕುವ ಗೋಜಿಗೂ ಹೋಗಲಿಲ್ಲ. ಸೊಂಟದ ಮೇಲೆ ಬೇರೆ ಮೈ ಕೂರಿಸಿದರೆ ಆಯಿತಲ್ಲ! ಎಂಥ ರಾಜನೋ ಅಂಥ ಪ್ರಜೆ.

ಉದ್ಘಾಟನೆಯ ಹಿಂದಿನ ದಿನ ಅವನು ತಾಯಿಗೆ ಹೇಳಿದ, “ಅಮ್ಮ, ನಾಳೆ ನೀನು ಬರಲೇಬೇಕು. ಬೋರ್ಡಿನ ಮೇಲೆ ನನ್ನ ಹೆಸರು ಬರೆಸಿದಾರೆ.”

“ನೀನು ಒಳಗೆ ಕೂತು ನೋಡಿದೀಯೇನೋ?”

“ಎಲ್ಲಾ ನೋಡಿದೀನಿ.”

“ನಾನು ಕೇಳಿದ್ದು ಕೂತು ಅಂತ.”

ಅವನು ಎದ್ದು ಹೋಗಿ ಬಚ್ಚಲುಮನೆಯ ದೀಪ ಹಾಕಿದ. ಆಕೆ ಹಿಂದೆಯೇ ಹೋಗಿ ಆರಿಸಿದಳು.

ಮರುದಿನ ಬೆಳಿಗ್ಗೆ ಪಾರ್ಕಿನ ಮುಂದೆ ಬಲೂನು, ವಾದ್ಯ, ಭಾಷಣ. ‘ಸಮುದ್ರದಾಳ’ ಎಂಬ ದೊಡ್ಡ ಅಕ್ಷರಗಳ ಕೆಳಗೆ ‘ಪರಿಕಲ್ಪನೆ’ ಎಂದು ಅವನ ಹೆಸರು. ಯಜಮಾನರು ಮೊದಲ ಗಾಡಿಯ ಬಳಿ ನಿಂತು ಬನ್ನಿ ಎಂದರೆ ಇವನು ಎರಡು ಹೆಜ್ಜೆ ಹಿಂದಕ್ಕೆ ಹೋದ. “ನಾನು ಹೊರಗಿದ್ದು ಜನರ ಮುಖಭಾವ ಓದ್ಬೇಕು ಸರ್.”

“ಅವನು ಓದಲಿ ಬಿಡಿ, ನಾನು ಬರ್ತೀನಿ” ಎಂದು ಮುದುಕಿ ಕೈಚೀಲ ಎದೆಗೊತ್ತಿಕೊಂಡು ಹತ್ತಿಯೇಬಿಟ್ಟಳು.

ಆ ಗಾಡಿಗಳೋ, ತೊಟ್ಟಿಲಿನಷ್ಟು ತಗ್ಗು. ಕೂತರೆ ಬೆನ್ನು ಹಿಂದಕ್ಕೆ ವಾಲಿ, ಮಂಡಿ ಎದೆಗೆ ಬಂದು, ಕಣ್ಣು ನಿಂತವನ ಮೊಣಕಾಲಿನ ಮಟ್ಟಕ್ಕೆ ಇಳಿಯುತ್ತಿತ್ತು. ಪಾರ್ಕಿಗೆ ಬರುವ ಪುಟ್ಟ ಮಕ್ಕಳಿಗೂ ಗೊತ್ತಿದ್ದ ವಿಷಯ ಇದು. ಗಾಡಿಗಳ ಸಾಲು ಕತ್ತಲೆಯೊಳಗೆ ಹೊಕ್ಕಿತು. ಒಂದು ಕ್ಷಣ ಸದ್ದಿಲ್ಲ. ಆಮೇಲೆ ಒಳಗಿನಿಂದ ಕೇಕೆ, ಅದರ ಮೇಲೆ ನಗು, ಇನ್ನೂ ನಗು. ಹೊರಗೆ ನಿಂತ ಹಣೆಗನ್ನಡಕ ಪಕ್ಕದವನ ತೋಳು ಹಿಡಿದು, “ಕೇಳಿದಿರಾ? ಬೆರಗು ಅಂದ್ರೆ ಇದು!” ಎಂದ. ಅವನ ಕಣ್ಣಲ್ಲಿ ನೀರು ಬಂತು. ತಾಯಿ ಕೂಡ ನಗುತ್ತಿರಬೇಕು ಎಂದು ಎದೆ ತುಂಬಿ ಬಂತು.

ಗಾಡಿಗಳು ಹೊರಗೆ ಬಂದವು. ಯಜಮಾನರು ಹೊಟ್ಟೆ ಹಿಡಿದುಕೊಂಡಿದ್ದರು. ಮಕ್ಕಳು ಇಳಿಯುತ್ತಲೇ ಮತ್ತೆ ಹತ್ತಲು ಓಡಿದವು.

“ಏನ್ರೀ ಇದು! ತಿಮಿಂಗಿಲದ ಹೊಟ್ಟೆ ಕೆಳಗೆ ಯಾರದೋ ಚಪ್ಪಲಿ, ಚಹಾದ ಲೋಟ! ಮೇಲೆ ಮತ್ಸ್ಯಕನ್ಯೆ, ಕೆಳಗೆ ನೋಡಿದ್ರೆ ಅಸ್ಥಿಪಂಜರದ ಕಾಲು! ನಿಧಿಪೆಟ್ಟಿಗೆ ಅಡೀಲಿ ಕೇರಂ ಬೋರ್ಡು! ನಕ್ಕು ನಕ್ಕು ಸತ್ತೆ ಮಾರಾಯ್ರೆ. ಬೇಕೂಂತಲೇ ಮಾಡಿದ್ದಾ?”

ಹಣೆಗನ್ನಡಕದ ಮುಖದಿಂದ ರಕ್ತ ಇಳಿದುಹೋಯಿತು. ಆದರೆ ಬದುಕೆಲ್ಲ ಇನ್ನೊಬ್ಬರ ಮಾತು ಹೆಕ್ಕಿಕೊಂಡು ಬಂದವನು, ಈಗ ಬಿಡುತ್ತಾನೆಯೇ? ‘ಬೇಕೂಂತಲೇ’ ಎಂಬ ಮಾತು ಯಜಮಾನರ ಬಾಯಿಂದ ನೆಲಕ್ಕೆ ಬೀಳುವ ಮೊದಲೇ ಹಿಡಿದುಕೊಂಡ.

“ಹೌದು ಸರ್. ಅದೇ ಕಾನ್ಸೆಪ್ಟು. ನಾನೇ ಗಾಡೀಲಿ ಕೂತು, ಒಂದೊಂದನ್ನೂ ಆ ಲೆಕ್ಕದಲ್ಲೇ ಇಡಿಸಿದ್ದು.”

“ಅಬ್ಬಾ! ಚಿಕ್ಕಂದಿನಿಂದಲೂ ಹೀಗೇನಾ ಅಮ್ಮ ಇವರು?”

ಅವನು ತಾಯಿಯ ಕಡೆ ತಿರುಗಿದ. ಒಂದು ಮಾತು, ಒಂದೇ ಒಂದು ಒಳ್ಳೆಯ ಮಾತು. ಮುದುಕಿ ಮಗನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಹೌದು ಸ್ವಾಮಿ. ಚಿಕ್ಕಂದಿನಿಂದಲೂ ಹೀಗೇ” ಎಂದಳು.

ಅವನಿಗೆ ಅಷ್ಟೇ ಸಾಕಾಯಿತು. ಅದು ಹೊಗಳಿಕೆಯೇ ಎಂದು ತಿಳಿದು ಹಲ್ಲು ಕಿರಿದ, ಪಾಪಿ.

ಯಜಮಾನರು ಅವನ ಹೆಗಲಿಗೆ ಕೈ ಹಾಕಿದರು. “ಬನ್ನಿ ಬನ್ನಿ, ಇನ್ನೊಂದು ಸುತ್ತು ಹೋಗೋಣ. ಪಕ್ಕದಲ್ಲಿ ಕೂತು ಎಲ್ಲೆಲ್ಲಿ ಏನೇನು ಇಟ್ಟಿದೀರಿ ಮುಂಚೇನೇ ಹೇಳ್ತಾ ಹೋಗಿ. ಹೊಸ ಪಾರ್ಕಿನ ವಿಷಯ ಅಲ್ಲೇ ಮಾತಾಡೋಣ.”

ನೂರಾರು ಜನ ನೋಡುತ್ತಿದ್ದರು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಹತ್ತಿ ಕೂತ. ಮಂಡಿ ಎದೆಗೆ ಬಂತು. ಗಾಡಿ ಬಾಗಿಲ ಪರದೆಯನ್ನು ಸೀಳಿಕೊಂಡು ಒಳಗೆ ಹೋಗುತ್ತಿದ್ದಂತೆ ಅವನು ಗಟ್ಟಿಯಾಗಿ ಕಣ್ಣು ಮುಚ್ಚಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ಆದರೆ ಅವನಿಗೆ ಆಗ ಜಗತ್ತಿನ ಚಿಂತೆ ಇರಲಿಲ್ಲ, ಉಸಿರಿನದಿತ್ತು.

“ಹೇಳಿ, ಮೊದಲು ಏನು ಬರುತ್ತೆ?”

ದಿನಾ ನಡೆದ ದಾರಿಯೇ ಅಲ್ಲವೇ ಎಂದು ನೆನಪು ಮಾಡಿಕೊಂಡ. “ಮೊದಲು... ನಿಧಿಪೆಟ್ಟಿಗೆ ಸರ್.”

ತಲೆಯ ಮೇಲೆ ತಿಮಿಂಗಿಲ ಗುಡುಗಿತು.

“ಈಗ ಮತ್ಸ್ಯಕನ್ಯೆ.”

ಅದೊಂದು ಸರಿಯಾಯಿತು. ಯಾವ ಕಡೆಯಿಂದ ಎಣಿಸಿದರೂ ನಡು ನಡುವೇ ತಾನೆ.

“ಇದೋ ಸರ್, ಈಗ ನೋಡಿ, ತಿಮಿಂಗಿಲ!” ಎಂದು ಅವನು ಕೈಯನ್ನು ಮೇಲಕ್ಕೆ ಎತ್ತಿ ತೋರಿಸಿದ. ಎದುರಿಗೆ ನಿಧಿಪೆಟ್ಟಿಗೆಯ ಹಳದಿ ಬೆಳಕು. ಆ ಬೆಳಕಿನಲ್ಲಿ ಯಜಮಾನರು ಪಕ್ಕಕ್ಕೆ ತಿರುಗಿ ನೋಡಿದರು. ಹಣೆಯ ಮೇಲೆ ಕನ್ನಡಕ ಮಿರುಗುತ್ತಿತ್ತು. ಅದರ ಕೆಳಗೆ ಎರಡು ಕಣ್ಣೂ ಬಿಗಿಯಾಗಿ ಮುಚ್ಚಿ ಸುಕ್ಕುಗಟ್ಟಿದ್ದವು. ಇನ್ನೊಂದು ಕೈ ತಮ್ಮ ಕೋಟಿನ ತುದಿಯನ್ನು ಹಿಡಿದುಕೊಂಡಿರುವುದೂ ಆಗ ಅವರ ಗಮನಕ್ಕೆ ಬಂತು.

ಹೊರಗೆ ಬಂದ ಮೇಲೂ ಅವನು ಕೂಡಲೇ ಕೋಟು ಬಿಡಲಿಲ್ಲ. ಯಜಮಾನರೇ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡರು. ಕೂಗಾಡಲಿಲ್ಲ, ಕೂಗಾಡಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು.

“ನೀವು ಯಾವ ಕಡೆಯಿಂದ ನಡೆದು ಬರ್ತಿದ್ರಿ ಅಂತ ಗೊತ್ತಾಯ್ತು” ಎಂದರು. “ಪರವಾಗಿಲ್ಲ. ಜನ ನಗ್ತಿದಾರೆ, ಸಾಲು ನಿಂತಿದೆ, ಸಮುದ್ರ ಹೀಗೇ ಇರಲಿ. ನಿಮಗೆ ನಿಂತು ನೋಡೋದು ಚೆನ್ನಾಗಿ ಬರುತ್ತೆ ಅಲ್ವಾ? ನಾಳೆಯಿಂದ ಇದರ ಗೇಟಲ್ಲಿ ನಿಂತ್ಕೊಳ್ಳಿ. ಮಕ್ಕಳ ಎತ್ತರ ಅಳೆದು ಒಳಗೆ ಬಿಡಿ.”

ಮಧ್ಯಾಹ್ನದೊಳಗೆ ಬೋರ್ಡಿನ ಮೇಲಿದ್ದ ಹೆಸರಿಗೆ ನೀಲಿ ಬಣ್ಣ ಬಿತ್ತು. ಬಳಿದವನು ಅದೇ ಪೇಂಟರು, ಈ ಸಲ ಮೇಲಿಂದ ಕೆಳಗಿನ ತನಕ ಅಚ್ಚುಕಟ್ಟಾಗಿ ಬಳಿದ. ಬಡಗಿಯೋ, ಅಸ್ಥಿಪಂಜರದ ಕಾಲು ತನ್ನದೇ ಐಡಿಯಾ ಎಂದು ಆಗಲೇ ಕ್ಯಾಂಟೀನಿನಲ್ಲಿ ಸಾರುತ್ತಿದ್ದ. ಕಲಿತ ವಿದ್ಯೆ ಎಲ್ಲಿ ಹೋಗುತ್ತದೆ!

ತಾಯಿ, ಮಗ ಬಸ್ಸಿನಲ್ಲಿ ಮನೆಗೆ ಬಂದರು. ಮನೆಯ ಮೆಟ್ಟಿಲ ಬಳಿ ಅವನು ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ.

“ಅಮ್ಮ, ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ? ‘ಇವನು ಕೂತೇ ಇಲ್ಲ’ ಅಂತ ಅಲ್ಲೇ ಹೇಳಿಬಿಟ್ಟಿದ್ರೆ ನಾನು ಆ ಗಾಡಿ ಹತ್ತೋದು ತಪ್ತಿತ್ತು.”

“ಬೊಗಳೆ ಬಿಟ್ಟೋನು ನೀನು, ತಡೆಯೋಳು ನಾನಾ?” ಎಂದಳು ಮುದುಕಿ. “ಇಷ್ಟು ವರ್ಷ ನನ್ನ ಬಾಯಿಂದ ಭೇಷ್ ಅನ್ನಿಸಿಕೊಳ್ಳೋಕೆ ಬಾಯಿ ಬಿಟ್ಕೊಂಡು ಕೂತಿದ್ದೆ. ಯಾವುದಕ್ಕೆ ಅನ್ನಲಿ, ನೀನೇ ಹೇಳು. ಕರಡಿಯಾಗಿದ್ದಾಗ ಅನ್ನಬೇಕು ಅನ್ನಿಸಿತ್ತು. ಅನ್ನೋಷ್ಟರಲ್ಲಿ ನೀನು ಸಾಹೇಬನಾಗಿಬಿಟ್ಟೆ.”

ಅವನು ಬಾಗಿಲ ಬಳಿಯೇ ಕುಸಿದು ಕೂತ. ಕತ್ತಲಾಗುತ್ತಿತ್ತು. ಎಷ್ಟು ಹೊತ್ತಾದರೂ ಅವನು ಎದ್ದು ಹೋಗಿ ದೀಪ ಹಾಕಲಿಲ್ಲ. ಆಮೇಲೆ ಪಡಸಾಲೆಯ ಕೊನೆಯಲ್ಲಿ ಸ್ವಿಚ್ಚಿನ ಸದ್ದಾಯಿತು. ಬಚ್ಚಲುಮನೆಯ ಬೆಳಕು ಉದ್ದಕ್ಕೂ ಹರಿದು ಅವನ ಕಾಲ ಬಳಿ ಬಂತು.

“ಬಾ, ಕೈಕಾಲು ತೊಳ್ಕೊ. ನಾಳೆ ಬೆಳಿಗ್ಗೆ ಡ್ಯೂಟಿ ಇದೆ ನಿಂಗೆ” ಎಂದಳು ಆಕೆ.

ಅವನು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನಲ್ಲಿ ತಿರುಗಿಸುವ ಮೊದಲು ಒಂದು ಕ್ಷಣ ಹಾಗೆಯೇ ನಿಂತ. ಹೊರಗೆ ಮುದುಕಿ ಗೋಡೆಗೆ ಒರಗಿ ಕೆಮ್ಮಿದಳು.