ಹನ್ನೆರಡರ ಬಸ್ಸು, ಒಂದು ವೋಟು

ನನ್ನ ಗಡಿಯಾರದ ಹುಚ್ಚು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಐದಕ್ಕೆ ಏಳುವುದು, ರಾತ್ರಿ ಒಂಬತ್ತಕ್ಕೆ ಮಲಗುವುದು. ಇಂಥ ನಾನು ಕಳೆದ ಗುರುವಾರ ಬೇಕೆಂದೇ ಒಬ್ಬನ ಬಸ್ಸು ತಪ್ಪಿಸಿದೆ.

ನಮ್ಮಾಕೆ ನೇಯಲು ಹೇಳಿದ್ದ ಸೀರೆ ತರಲು ಇಳಕಲ್ಲಿಗೆ ಹೋಗಿದ್ದೆ. ನೇಕಾರ ಮಲ್ಲಪ್ಪ ಹತ್ತಕ್ಕೆ ಬರಹೇಳಿದ್ದ. (ಎರಡು ನಿಮಿಷ ಮೊದಲೇ ಹೋಗಿ ಬಾಗಿಲಲ್ಲಿ ಕಾದೆ.) ಮಗ್ಗ ಸುಮ್ಮನಿತ್ತು. ಮಲ್ಲಪ್ಪ ಇಸ್ತ್ರಿ ಅಂಗಿ ತೊಟ್ಟು, ಫೈಲ್ ಹಿಡಿದು ಕೂತಿದ್ದ.

“ಸೀರಿ ಆಗಿಲ್ರಿ ಸರ. ಬಾಗಲಕೋಟಿಗೆ ಹೊಂಟೇನಿ. ಕೇಸ್ ಹಾಕಾಕ ಇವತ್ತ ಕಡೀ ದಿನ.”

ನೇಕಾರರ ಸಂಘದ ಡೈರೆಕ್ಟರ್ ಎಲೆಕ್ಷನ್‌ನಲ್ಲಿ ಒಂದೇ ವೋಟಿನಿಂದ ಸೋತಿದ್ದಾನೆ. ಗೆದ್ದವನು ಪಕ್ಕದ ಮನೆಯ ಈರಪ್ಪ. ತಿರಸ್ಕರಿಸಿದ ಎರಡು ಮತಪತ್ರ ತನಗೇ ಬಿದ್ದವು ಎಂದು ಮಲ್ಲಪ್ಪನ ವಾದ. ಇದ್ದರೂ ಇರಬಹುದು.

“ಖರ್ಚು?” ಎಂದೆ.

“ವಕೀಲರ ಫೀ, ತಾರೀಖಿಗೊಮ್ಮಿ ಬಸ್ ಚಾರ್ಜ್. ಆಗ್ಲಿ ಬಿಡ್ರಿ. ನ್ಯಾಯ ಬೇಕಲ್ಲ?”

ಬೇಕು. ಆದರೆ ಮಗ್ಗ ಯಾಕೆ ನಿಂತಿದೆ?

ಉತ್ತರ ಕೊಟ್ಟವಳು ಅವನ ಹೆಂಡತಿ ಗಂಗವ್ವ. “ಕೊಂಡಿ ಹಾಕೋರು ಯಾರ್ರಿ? ಇಬ್ರೂ ಮಾತ ಬಿಟ್ಟಾರ.”

ಸೀರೆಯ ಮೈಯ ಹತ್ತಿ ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಒಂದೊಂದಾಗಿ ಕೊಂಡಿ ಹಾಕಬೇಕು. ಇಪ್ಪತ್ತು ವರ್ಷದಿಂದ ಮಲ್ಲಪ್ಪನ ಎದುರು ಕೂತು ಆ ಕೆಲಸ ಮಾಡಿದವನು ಈರಪ್ಪನೇ. ಈ ಖರ್ಚನ್ನು ಯಾವ ವಕೀಲರು ಮೊದಲೇ ಹೇಳುತ್ತಾರೆ?

ಗಂಗವ್ವ ಗೋಡೆಯಾಚೆ ಕೂಗಿದಳು: “ಈರಪ್ಪಣ್ಣಾ, ಸರ ಬಂದು ಕುಂತಾರ. ಅವರ ಸೀರಿಗಾದ್ರೂ ಬರ್ರಿ!”

ಈರಪ್ಪ ಬಂದ. ಮಾತು ಮಾತ್ರ ನನ್ನ ಜೊತೆ. “ಅಂವಗ ಹೇಳ್ರಿ ಸರ, ಕೇಸ್ ಹಾಕ್ಲಿ, ಅಡ್ಡಿಲ್ಲ. ಬಸ್ ಬರೂತನಕ ಕೊಂಡಿ ಹಾಕೂಣು.”

“ಹನ್ನೆರಡಕ್ಕ ಬಸ್ರಿ ಸರ. ಅದು ತಪ್ಪಿದ್ರ ಆಫೀಸ್ ಮುಚ್ಚೂದ್ರೊಳಗ ಮುಟ್ಟೂದಿಲ್ಲ. ಟೈಮ್ ನೀವ ನೋಡಿ ಹೇಳ್ರಿ,” ಎಂದ ಮಲ್ಲಪ್ಪ, ಇಸ್ತ್ರಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ.

ಅರ್ಧ ಗಂಟೆ ಇಬ್ಬರೂ ತಲೆ ತಗ್ಗಿಸಿ ಕೊಂಡಿ ಹಾಕಿದರು. ಆಮೇಲೆ—

“ಸಡ್ಲ ಹಿಡದಿ ಲೇ, ಡೈರೆಕ್ಟರ್!”

“ನೀ ಮೊದಲ ಕಣ್ಣಿಗೆ ಚಾಳೀಸ ಹಾಕ್ಕೋ ಲೇ!”

ಗಂಗವ್ವ ನಗು ತಡೆಯಲಾರದೆ ಚಹಾ ತರಲು ಒಳಗೆ ಹೋದಳು.

ಹನ್ನೊಂದೂವರೆ. ಹನ್ನೊಂದೂ ಮುಕ್ಕಾಲು. ಕೈಗಡಿಯಾರ ನೋಡಿದೆ. ಬಾಯಿ ತೆರೆದೆ. ಚಹಾ ಕುಡಿದೆ. ಹನ್ನೆರಡು ದಾಟಿತು.

ಅವನ ಹಕ್ಕು ಕಸಿದುಕೊಂಡೆನೇ? ಮನೆಗೆ ಬಂದ ಮೇಲೂ ಅದೇ ಕೊರೆಯುತ್ತಿತ್ತು. ಆಗ ನೆನಪಾಯಿತು. ಮಲ್ಲಪ್ಪನ ಮಗ್ಗದ ಎದುರಿನ ಗೋಡೆಯಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಗಡಿಯಾರವಿದೆ. ಅರ್ಧ ಗಂಟೆಗೊಮ್ಮೆ ಢಣ್ ಎನ್ನುತ್ತದೆ.

ಹಾಗಿದ್ದ ಮೇಲೆ ಟೈಮ್ ಹೇಳಲು ಅವನಿಗೆ ನಾನೇಕೆ ಬೇಕಿತ್ತು?