ನೋಡಿಕೊಳ್ಳುವವರ ಕುರ್ಚಿ

ಹೆಣಿಗೆ ಹರಿದ ಕುರ್ಚಿ ತಂದವರನ್ನು ಬೆತ್ತದಕ್ಕ ಮೊದಲು ಕೇಳುವುದು ಒಂದೇ ಮಾತು: "ಕೂರೋರು ಯಾರು?"

ಯಾವಾಗ ಬೇಕು, ಯಾವ ಬಣ್ಣ ಎಂಬುದೆಲ್ಲ ಆಮೇಲೆ. ದಿನವಿಡೀ ಕೂರುವ ಗುಮಾಸ್ತನ ಕುರ್ಚಿಗೂ, ಮಗುವಿಗೆ ಹಾಲೂಡುವ ತಾಯಿಯ ಕುರ್ಚಿಗೂ, ಯಾರೂ ಕೂರದೆ ಮೂಲೆಯಲ್ಲಿ ಚೆಂದಕ್ಕೆ ನಿಲ್ಲುವ ಕುರ್ಚಿಗೂ ಒಂದೇ ಹೆಣಿಗೆ ಆಗುವುದಿಲ್ಲ ಎಂಬುದು ಅವಳ ವಾದ. "ನಮ್ಮತ್ತೆ ಕೂರೋದು" ಎಂದು ಒಬ್ಬಾಕೆ ಹೇಳಿದಾಗ, "ತೂಕ ಎಷ್ಟು, ಮಾತೆಷ್ಟು?" ಎಂದು ಕೇಳಿದ್ದಳು. ಮಾತು ಜಾಸ್ತಿ ಇದ್ದವರು ಕೂತಲ್ಲಿ ಅಲುಗಾಡುತ್ತಾರೆ, ಅಂಚು ಬೇಗ ಸವೆಯುತ್ತದೆ. ಹೆಸರಲ್ಲೇ ಬೆತ್ತ ಇರುವುದರಿಂದ ಬೀದಿಯ ಮಕ್ಕಳು ಮೊದಮೊದಲು ಅವಳನ್ನು ಕಂಡರೆ ಕಾಲಿಗೆ ಬುದ್ಧಿ ಹೇಳುತ್ತಿದ್ದವು. "ಇದು ಹೊಡೆಯೋ ಬೆತ್ತ ಅಲ್ರೋ, ಕೂರೋ ಬೆತ್ತ" ಎಂದು ಕೂಗಿ ಕೂಗಿ ಅವಳಿಗೆ ಸಾಕಾಗಿತ್ತು.

ಕಸುಬು ಬಂದದ್ದು ತವರಿನಿಂದ. ಅಲ್ಲಿ ಬೋರ್ಡಿನ ಮೇಲೆ ಅಪ್ಪನ ಹೆಸರು, ಗಾಯ ಅಮ್ಮನ ಬೆರಳಿನ ಮೇಲೆ. ಮದುವೆಯಾಗಿ ಬಂದ ಮೇಲೆ ಅವಳು ಹಿತ್ತಿಲ ಬಾಗಿಲ ಬಳಿ ಬಕೆಟ್ಟಿನಲ್ಲಿ ಬೆತ್ತದ ಸೀಳು ನೆನೆಹಾಕಿ, ಅಡುಗೆ ಮುಗಿದ ಮೇಲೆ, ಪಾತ್ರೆ ತೊಳೆಯುವ ಮುಂಚೆ, ಬಟ್ಟೆ ಒಣಗುವಷ್ಟರಲ್ಲಿ, ಹೀಗೆ ಸಿಕ್ಕಿದ ಸಂದಿನಲ್ಲೆಲ್ಲ ಹೆಣೆದಳು. ಹದಿನಾರು ವರ್ಷ ಹಾಗೆ ಹೆಣೆದು, ಎರಡು ಬೀದಿ ಆಚೆ ಒಂದು ಕೋಣೆ ಕೊಂಡಳು. ಪತ್ರ ಅವಳ ಹೆಸರಿನಲ್ಲೇ ಆಯಿತು. ಬೀದಿ ಕಡೆಗೆ ದೊಡ್ಡ ಕಿಟಕಿ, ಒಳಗೆ ಉದ್ದದ ತೊಟ್ಟಿ, ಗೋಡೆಯಲ್ಲಿ ದಬ್ಬಣ, ಬೆಣೆ, ಸುತ್ತಿಗೆ ನೇತುಹಾಕಲು ಮೊಳೆಗಳ ಸಾಲು. ಬೋರ್ಡಿಗೆ ಹೆಸರೇ ಹಾಕಿಸಲಿಲ್ಲ. "ಇಲ್ಲಿ ಕುರ್ಚಿ ಹೆಣೆಯಲಾಗುತ್ತದೆ" ಎಂದಷ್ಟೇ ಬರೆಸಿದಳು.

ಊರಿಗೆಲ್ಲ ಕೂರಲು ಹೆಣೆದವಳು ಮನೆಯಲ್ಲಿ ಕೂತದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಅವಳ ಊಟ ಒಲೆಯ ಪಕ್ಕ, ನಿಂತೇ. ಒಮ್ಮೆ ಎಲ್ಲಾದರೂ ಕುಂಡಿ ಊರಿದರೆ ಅತ್ತೆ ಒಳಗಿನಿಂದಲೇ ಗಾದೆ ಎಸೆಯುತ್ತಿದ್ದರು: "ಕೂತು ಉಣ್ಣೋರಿಗೆ ಕುಡಿಕೆ ಹೊನ್ನೂ ಸಾಲದು." ಹಾಗೆಂದ ಅತ್ತೆ ಕೂರುತ್ತಿದ್ದದ್ದು ಸೊಸೆಯೇ ಹೆಣೆದ ಕುರ್ಚಿಯಲ್ಲಿ.

ಆ ಅತ್ತೆಯೇ ಹಾಸಿಗೆ ಹಿಡಿದು ಮೂರು ವರ್ಷ ಮಲಗಿದರು. ಹೊಟ್ಟೆಯ ಗಡ್ಡೆಗೆ ಇನ್ನು ಮದ್ದಿಲ್ಲ, ನೋವಿಗೆ ಮಾತ್ರ ಇದೆ ಎಂದ ಡಾಕ್ಟರು ಊರಂಚಿನ ಹಾಸ್ಪೈಸಿನ ವಿಳಾಸ ಕೊಟ್ಟರು. ಗುಣವಾಗದವರನ್ನು ಕೊನೆಯ ದಿನಗಳಲ್ಲಿ ನೋವಿಲ್ಲದಂತೆ ಇರಿಸಿಕೊಳ್ಳುವ ಜಾಗ ಅದು. ಬೀದಿಯವರ ಬಾಯಲ್ಲಿ ಅದು 'ಕೊನೆಮನೆ'. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾಗಿದ್ದ ಯಜಮಾನರು, "ನಮ್ಮಮ್ಮ ಹೊರಗಡೆ ಸಾಯ್ಬೇಕಾ?" ಎಂದು ಎಗರಾಡಿದರು. ಬೆತ್ತದಕ್ಕ ಹಾಸಿಗೆಬಟ್ಟೆಯ ಗಂಟನ್ನು ಅವರ ಕೈಗಿಟ್ಟು, "ಹಾಗಾದ್ರೆ ಇವತ್ತಿಂದ ಇದನ್ನ ನೀವು ಒಗೀರಿ" ಎಂದಳು. ಸಂಜೆಗೆ ಗಾಡಿ ಬಂತು.

ಅಲ್ಲಿ ಇದ್ದದ್ದು ಹತ್ತೊಂಬತ್ತು ದಿನ. ಮೊದಲ ದಿನವೇ ಬೆತ್ತದಕ್ಕ ಪೊರಕೆ ಹುಡುಕಿದಳು. ಬಿಳಿ ಕೂದಲಿನ ನರ್ಸಮ್ಮ ಪೊರಕೆ ಕಿತ್ತುಕೊಂಡು, ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿ ತೋರಿಸಿ, "ಗುಡಿಸೋಕೆ ಜನ ಇದಾರೆ. ನೀವು ಕೂತ್ಕೊಳ್ಳಿ" ಎಂದರು. ಬೆತ್ತದಕ್ಕ ಕೂತಳು. ಕೂತು ಏನು ಮಾಡಬೇಕೆಂದು ತಿಳಿಯದೆ ಅತ್ತೆಯ ಕೈ ಹಿಡಿದುಕೊಂಡಳು. ಮೂವತ್ತು ವರ್ಷದಲ್ಲಿ ಆ ಕೈಗೆ ತಟ್ಟೆ ಕೊಟ್ಟಿದ್ದಳು, ಮಾತ್ರೆ ಕೊಟ್ಟಿದ್ದಳು. ಕೈ ಕೊಟ್ಟದ್ದು ಅದೇ ಮೊದಲು.

ನಾಲ್ಕನೆಯ ದಿನ ಯಜಮಾನರು ಬಂದರು. ಬೆತ್ತದಕ್ಕ ಸ್ಪ್ರಿಂಗಿನಂತೆ ಎದ್ದು ಕುರ್ಚಿ ಬಿಟ್ಟಳು. ಅವರು ಇನ್ನೇನು ಕೂರಬೇಕು, ನರ್ಸಮ್ಮ ಬಾಗಿಲಿಂದ ಹೇಳಿದರು: "ನೋಡೋಕೆ ಬಂದೋರು ನಿಂತ್ಕೊಳ್ಳಿ. ನೋಡ್ಕೊಳ್ಳೋರು ಕೂತ್ಕೊಳ್ಳಿ. ಇರೋದು ಒಂದೇ ಕುರ್ಚಿ."

ಯಜಮಾನರು ಐದು ನಿಮಿಷ ನಿಂತು ಹೋದರು. ಆ ಐದು ನಿಮಿಷ ಅವರಿಗೆ ಐದು ವರ್ಷವಾದರೂ ಮರೆತಿರಲಿಲ್ಲ. ಬೆತ್ತದಕ್ಕನಿಗೂ ಮರೆತಿರಲಿಲ್ಲ, ಆದರೆ ಬೇರೆ ಕಾರಣಕ್ಕೆ. ಐವತ್ತೆಂಟು ತುಂಬಿದ ವರ್ಷ, ಕೈಕಾಲು ಗಟ್ಟಿಯಿರುವಾಗಲೇ, ಅವಳು ತೀರ್ಮಾನಿಸಿದಳು: ತನ್ನ ನಂತರ ಅಂಗಡಿಯ ಕೋಣೆ ಹಾಸ್ಪೈಸಿಗೆ. ಅದರಿಂದ ಬಂದದ್ದರಲ್ಲಿ ಅಲ್ಲಿನ ಪ್ರತಿ ಮಂಚದ ಪಕ್ಕ ಒಂದು ಒಳ್ಳೆಯ ಕುರ್ಚಿ ಇರಬೇಕು. ಸಾಯುವವರನ್ನು ನೋಡಿಕೊಳ್ಳುವವರು ಅದರಲ್ಲಿ ಕೂರಬೇಕು.

ಮನೆಯಲ್ಲಿ ಹೇಳಿದಾಗ ಮಗಳು ಮೊದಲು ನಕ್ಕಳು. ಅವಳು ಡ್ರೈವಿಂಗ್ ಶಾಲೆಯಲ್ಲಿ ಪಾಠ ಹೇಳುವವಳು. ಬ್ರೇಕು ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂದು ಗೊತ್ತಿತ್ತು. "ಅಮ್ಮ, ನಂಗೇನು ಬಿಡ್ತೀಯಾ?"

"ಈ ಮನೇಲಿ ನನ್ನ ಪಾಲು, ನನ್ನ ಸಾಮಾನು. ದಬ್ಬಣಾನೂ ನಿಂದೇ."

"ದಬ್ಬಣ ಬೇಡಮ್ಮ, ನಿನ್ನ ನಾಲಿಗೆ ಸಾಕು. ಎರಡೂ ಒಂದೇ ಚೂಪು."

ಯಜಮಾನರಿಗೆ ನಗು ಬರಲಿಲ್ಲ. "ಅಂಗಡೀನ ದಾನ ಮಾಡೋಕೆ ನೀನ್ಯಾವ ಮಹಾರಾಣಿ? ಜನ ಏನಂತಾರೆ?"

"ಮಹಾರಾಣಿ ಆಗಿದ್ರೆ ಸಿಂಹಾಸನ ಬಿಡ್ತಿದ್ದೆ. ನಾನು ಬಿಡ್ತಿರೋದು ಕುರ್ಚಿ ತಾನೇ?"

"ನಿಮ್ಮತ್ತೆ ಇದ್ದಿದ್ರೆ ಹೇಳೋರು, ಕೂತು ಉಣ್ಣೋರಿಗೆ ಕುಡಿಕೆ ಹೊನ್ನೂ..."

"ಸಾಲದು, ಗೊತ್ತು. ಕೂತು ಉಣಿಸೋರಿಗೆ?"

ಗಾದೆಯಲ್ಲಿ ಅದಕ್ಕೆ ಮುಂದಿನ ಸಾಲು ಇರಲಿಲ್ಲ.

ಉಯಿಲು ಬರೆಸಲು ಹೋದ ವಕೀಲೆಯ ಕಚೇರಿ ದಂತವೈದ್ಯೆಯ ಕ್ಲಿನಿಕ್ಕಿನ ಕೆಳಗಿತ್ತು. ಮೇಲಿನಿಂದ ಆಗಾಗ ಯಂತ್ರದ ಗುಂಯ್ ಸದ್ದು. ವಕೀಲೆ ಸಂಸ್ಥೆಯ ನೋಂದಾಯಿತ ಹೆಸರು ಕೇಳಿದರು. "ಕೊನೆಮನೆ ಅಂತ ಬರೆದ್ರೆ ನಾಳೆ ಯಾರು ಬೇಕಾದ್ರೂ ನಮ್ಮದೇ ಕೊನೆಮನೆ ಅಂತ ಬರಬಹುದು" ಎಂದು ನಕ್ಕರು. ಬೆತ್ತದಕ್ಕ ಚೀಲದಿಂದ ಹಾಸ್ಪೈಸಿನ ಹಳೆಯ ಚೀಟಿ ತೆಗೆದಿಟ್ಟಳು. ಪೂರ್ತಿ ಹೆಸರು, ನೋಂದಣಿ ಸಂಖ್ಯೆ ಎಲ್ಲ ಅದರ ಮೇಲಿತ್ತು.

ವಕೀಲೆ ಮತ್ತೊಂದು ಮಾತು ಹೇಳಿದರು. "ಕುರ್ಚಿಗೆ ಮಾತ್ರ ಅಂತ ಬಿಗಿಯಾಗಿ ಬರೆದ್ರೆ ಮುಂದೆ ಅವರಿಗೇ ಕಷ್ಟ. ಕುರ್ಚಿ ಎಲ್ಲ ಆದ್ಮೇಲೆ ಉಳಿದಿದ್ದನ್ನ ಏನು ಮಾಡ್ಬೇಕು ಅವ್ರು?"

ಬೆತ್ತದಕ್ಕನಿಗೆ ತನ್ನ ಹೆಣಿಗೆಯೇ ನೆನಪಾಯಿತು. ಒದ್ದೆ ಬೆತ್ತವನ್ನು ಬಿಗಿದು ಎಳೆದು ಹೆಣೆಯಬಾರದು. ಒಣಗುವಾಗ ಅದು ತಾನೇ ಬಿಗಿಯುತ್ತದೆ, ಮೊದಲೇ ಎಳೆದಿದ್ದರೆ ಚೌಕಟ್ಟನ್ನೇ ಸೀಳಿಬಿಡುತ್ತದೆ. ಹೊಸದಾಗಿ ಕಲಿಯುವವರೆಲ್ಲ ಮಾಡುವ ತಪ್ಪು ಅದು. "ಮೊದಲು ನೋಡ್ಕೊಳ್ಳೋರ ಕುರ್ಚಿ. ಉಳಿದಿದ್ದು ಅವರಿಗೆ ಯಾವುದು ಮುಖ್ಯ ಅನ್ಸುತ್ತೋ ಅದಕ್ಕೆ. ಹೀಗೆ ಬರೀರಿ" ಎಂದಳು.

ಮುಂದಿನ ವಾರ ಸಹಿಗೆ ಹೋದಾಗ ಯಜಮಾನರೂ ಬಂದರು. ಬರಬೇಡಿ ಎಂದು ಯಾರೂ ಹೇಳಿರಲಿಲ್ಲ. ಸಾಕ್ಷಿಗೆ ನಾನೇ ಸೈನ್ ಹಾಕುತ್ತೇನೆಂದು ಮಗಳು ಪೆನ್ನು ತೆಗೆದಾಗ, ಪಾಲು ಪಡೆಯುವವರು ಸಾಕ್ಷಿ ಹಾಕದಿರುವುದೇ ಕ್ಷೇಮ ಎಂದು ವಕೀಲೆ ತಡೆದರು. ಎದುರಿನ ಬೀಗ ರಿಪೇರಿಯವರನ್ನೂ ಮೇಲಿನ ದಂತವೈದ್ಯೆಯನ್ನೂ ಕರೆಸಿದ್ದಾಯಿತು. ದಂತವೈದ್ಯೆ ಕೈಗವಸು ತೆಗೆಯುತ್ತಾ, "ಬೇಗ ಮುಗಿಸಿ, ಒಬ್ಬರು ಬಾಯಿ ತೆರ್ಕೊಂಡು ಕಾಯ್ತಿದಾರೆ" ಎಂದರು.

ಟೈಪಾದ ಪತ್ರವನ್ನು ಯಜಮಾನರು ಮೊದಲು ಎಳೆದುಕೊಂಡು, ಅಂಚೆ ವಿಂಗಡಿಸಿದ ವೇಗದಲ್ಲಿ ಓದಿ, "ಎಲ್ಲಾ ಸರಿಯಿದೆ, ಹಾಕು ಸೈನು" ಎಂದರು.

ಬೆತ್ತದಕ್ಕನಿಗೆ ಯಾರ ಹೆಣಿಗೆಯನ್ನೂ ಮೇಲಿಂದ ನೋಡಿ ಒಪ್ಪುವ ಅಭ್ಯಾಸವಿಲ್ಲ. ಕೆಳಗಡೆಯಿಂದ ಕೈ ಹಾಕಿ ಎಳೆ ಎಳೆ ಸವರಬೇಕು. ಪತ್ರದ ಮೇಲೂ ಹಾಗೇ ಬೆರಳಿಟ್ಟು ಓದಿದಳು. ಎರಡನೆಯ ಪುಟದ ನಡುವೆ ಬೆರಳು ನಿಂತಿತು.

"ಇಲ್ಲಿ ಒಂದು ಎಳೆ ತಪ್ಪಿದೆ."

'ರೋಗಿಗಳನ್ನು ನೋಡುವವರು ಕೂರಲು' ಎಂದಿತ್ತು.

"ಏನು ತಪ್ಪು?" ಎಂದರು ಯಜಮಾನರು.

"ನೋಡಿಕೊಳ್ಳುವವರು ಅಂತ ಆಗ್ಬೇಕು."

"ಅಯ್ಯೋ, ನೋಡೋದು, ನೋಡ್ಕೊಳ್ಳೋದು ಎಲ್ಲ ಒಂದೇ ಕಣೇ! ಇಷ್ಟಕ್ಕೆ ಮತ್ತೆ ಟೈಪ್ ಮಾಡಿಸ್ತೀಯಾ?"

ಬೆತ್ತದಕ್ಕ ದನಿ ಏರಿಸಲಿಲ್ಲ. "ಒಂದೇನಾ? ಆ ಹತ್ತೊಂಬತ್ತು ದಿನ ನೀವು ನಿಮ್ಮಮ್ಮನ್ನ ನೋಡಿದ್ರಿ. ನಾನು ನೋಡ್ಕೊಂಡೆ."

ಬೀಗದವರು ತಮ್ಮ ಕೀ ಗೊಂಚಲನ್ನು ಎಣಿಸುವವರಂತೆ ನೋಡಿದರು. ವಕೀಲೆ ಪುಟವನ್ನು ತೆಗೆದುಕೊಂಡು ತಾವೇ ಕಂಪ್ಯೂಟರಿನ ಮುಂದೆ ಕೂತರು. "ಈ ಒಂದು ಪದ ಹೀಗೇ ಹೋಗಿದ್ರೆ ನಿಮ್ಮ ಕುರ್ಚಿಗಳೆಲ್ಲ ಹೂಗುಚ್ಛ ಹಿಡ್ಕೊಂಡು ಬರೋ ನೆಂಟರಿಗೆ ಹೋಗ್ತಿದ್ವು" ಎಂದರು. ತಿದ್ದುವಾಗ ಉದ್ಯೋಗದ ಜಾಗದಲ್ಲಿ 'ಗೃಹಿಣಿ' ಎಂದಿದ್ದದ್ದೂ ಕಣ್ಣಿಗೆ ಬಿತ್ತು. ವಕೀಲೆ ತಲೆಯೆತ್ತುವ ಮುಂಚೆಯೇ ಬೆತ್ತದಕ್ಕ ಹೇಳಿದಳು: "ಅದೂ ಇರ್ಲಿ, ಅದನ್ನೇನು ನಾನು ಮಾಡಿಲ್ವಾ? ಪಕ್ಕದಲ್ಲಿ ಕುರ್ಚಿ ಹೆಣೆಯುವವಳು ಅಂತಾನೂ ಸೇರಿಸಿ. ಎರಡು ಕೆಲಸ ಮಾಡಿದೀನಿ, ಎರಡೂ ಬರೀರಿ."

ಹೊಸ ಪುಟ ಬಿಸಿಬಿಸಿಯಾಗಿ ಹೊರಬಂತು. ಅವಳು ಮತ್ತೆ ಬೆರಳಿಟ್ಟು ಓದಿದಳು. ಕುರ್ಚಿ ಎಳೆದುಕೊಂಡು, ನೆಟ್ಟಗೆ ಕೂತು, ಪ್ರತಿ ಪುಟಕ್ಕೂ ಪೂರ್ತಿ ಹೆಸರಿನ ಸಹಿ ಹಾಕಿದಳು. ಸಾಕ್ಷಿಗಳೂ ಹಾಕಿದರು. ದಂತವೈದ್ಯೆ ಮೆಟ್ಟಿಲು ಹತ್ತಿ ಓಡಿದರು.

ಹೊರಗೆ ಬಂದ ಮೇಲೆ ಮಗಳು ಪಾಠಕ್ಕೆ ಹೋದಳು. ಬೆತ್ತದಕ್ಕ ಅಂಗಡಿಯ ಕಡೆ ಬಿರಬಿರನೆ ನಡೆದಳು. ಬೆಳಗ್ಗೆ ನೆನೆಹಾಕಿದ ಬೆತ್ತ ತೊಟ್ಟಿಯಲ್ಲಿತ್ತು, ಜಾಸ್ತಿ ನೆನೆದರೆ ಕಪ್ಪಾಗುತ್ತದೆ. ಯಜಮಾನರು ಎರಡು ಹೆಜ್ಜೆ ಹಿಂದೆ ಬರುತ್ತಿದ್ದರು. ಅವಳು ಅಂಗಡಿಯ ಬಾಗಿಲು ತೆಗೆಯುವಾಗ ಕೇಳಿದರು:

"ನಾಳೆ ನಂಗೇ ಹಾಗಾದ್ರೆ? ಅಲ್ಲಿಗೇ ಕರ್ಕೊಂಡ್ ಹೋಗ್ತೀಯಾ?"

"ಹೂಂ. ಪಕ್ಕದಲ್ಲಿ ನಾನು ಕೂತಿರ್ತೀನಿ."

"ನೀನೇ ಮೊದಲು ಹಾಸಿಗೆ ಹಿಡಿದ್ರೆ?"

"ಆಗ ಕುರ್ಚಿ ನಿಮ್ದು. ಆದ್ರೆ ಅದರಲ್ಲಿ ಕೂರೋರ ಕೈಯಲ್ಲಿ ಉಣಿಸೋ ಚಮಚ ಇರ್ಬೇಕು. ಬರೀ ನೋಡ್ಬೇಕು ಅಂದ್ರೆ ಬಾಗಿಲ ಹತ್ರ ಜಾಗ ಇದೆ."

ಅವಳು ತೊಟ್ಟಿಯಿಂದ ಒಂದು ಸೀಳು ಎಳೆದು, ನೀರು ಜಾಡಿಸಿ, ಬೆರಳಿಗೆ ಸುತ್ತಿ ಹದ ನೋಡಿದಳು. ಎದುರಿಗೆ ಗುಮಾಸ್ತನ ಕುರ್ಚಿ ಅರ್ಧ ಹೆಣೆದು ನಿಂತಿತ್ತು. ಯಜಮಾನರು ಹೊಸ್ತಿಲಲ್ಲೇ ನಿಂತು ಸ್ವಲ್ಪ ಹೊತ್ತು ಅವಳ ಕೈಯನ್ನೇ ನೋಡಿದರು.

"ಚಮಚ ಎಷ್ಟು ತುಂಬಬೇಕು?" ಎಂದರು.

"ಅರ್ಧ," ಎಂದಳು ಬೆತ್ತದಕ್ಕ, ಸೀಳನ್ನು ತೂತಿಗೆ ಪೋಣಿಸುತ್ತಾ. "ನುಂಗಿದ್ದು ಗಂಟಲಲ್ಲಿ ಕಂಡ ಮೇಲೇ ಇನ್ನೊಂದು. ಬನ್ನಿ ಒಳಗೆ, ಆ ಕಡೆ ತುದಿ ಹಿಡ್ಕೊಳ್ಳಿ. ಬಿಗಿಯಾಗಿ ಎಳೀಬೇಡಿ."